ಕೆಂಪು ಮಣ್ಣಿನ ಮೇಲೆ ಬಿಳಿ ಹೊಳಪು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ 9 ಮತ್ತು 10ನೇ ಶತಮಾನದ ಇರಾಕ್, ಇರಾನ್ ಸೀಮೆಯ ಗ್ಲೇಜ್ (ಮಣ್ಣಿನ ಮೇಲೆ ಕರಗಿಸಿ ಹೊದಿಸುವ ಗಾಜಿನ ಪದರ) ಹಾಕಿದ ಮಣ್ಣಿನ ಪಾತ್ರೆಗಳ ಚಿತ್ರಗಳನ್ನು ಪ್ರಕಟಿಸಿದ್ದೆವು. ಬಂದ ಪತ್ರಗಳಲ್ಲಿ ಕೆಲವು ಇತಿಹಾಸ ಕೇಳುತ್ತವೆ. ಉಳಿದವೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಕೇಳುವುದು ಒಂದೇ: ಇದು ನಮ್ಮ ಮಲೆನಾಡಿನ ಮಣ್ಣಿನಲ್ಲಿ ಆಗುತ್ತದೆಯೇ? ಆ ಪತ್ರಗಳಿಗೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಚಿತ್ರದಲ್ಲಿದ್ದ ಬಿಳಿ ಬೋಗುಣಿ ಥೇಟ್ ಪಿಂಗಾಣಿಯ ಹಾಗೇ ಇದೆ. ಅಡಿಬರಹದಲ್ಲಿ ಮಾತ್ರ 'ಸುಟ್ಟ ಮಣ್ಣು' ಎಂದಿದೆ. ಯಾವುದು ಸರಿ? (ಶಿಕ್ಷಕಿ, ತೀರ್ಥಹಳ್ಳಿ)

ಉತ್ತರ: ಅಡಿಬರಹವೇ ಸರಿ. ನಿಮ್ಮ ಕಣ್ಣು ಮೋಸ ಹೋಗಲೆಂದೇ ಇರಾಕಿನ ಬಸ್ರಾದ ಕುಂಬಾರರು ಅದನ್ನು ಹಾಗೆ ಮಾಡಿದ್ದು. ಚೀನಾದ ಪಿಂಗಾಣಿ ಒಳಗೂ ಹೊರಗೂ ಬಿಳಿ. ಬಿಳಿ ಜೇಡಿಮಣ್ಣನ್ನು 1250 ಡಿಗ್ರಿ ದಾಟಿಸಿ ಸುಟ್ಟಾಗ ಅದು ಗಾಜಿನಂತೆ ಗಟ್ಟಿಯಾಗುತ್ತದೆ. ಬಸ್ರಾದಲ್ಲಿ ಆ ಮಣ್ಣೂ ಇರಲಿಲ್ಲ, ಅಷ್ಟು ಕಾವು ಕೊಡುವ ಆವಿಗೆಯೂ ಇರಲಿಲ್ಲ. ಇದ್ದದ್ದು ಸುಟ್ಟರೆ ಮಾಸಲು ಹಳದಿಗೆ ತಿರುಗುವ ಮೆತ್ತನೆಯ ನದಿಮಣ್ಣು. ಚೀನಾದ ಬಿಳಿ ಬೋಗುಣಿಗಳು ಹಡಗಿನಲ್ಲಿ ಬಂದು ಸಿರಿವಂತರ ಮನೆ ಸೇರತೊಡಗಿದಾಗ, ಬಸ್ರಾದವರು ತಮ್ಮ ಹಳದಿ ಮಣ್ಣಿನ ಮೇಲೆ ಬಿಳಿಯ ಗಾಜನ್ನು ಹೊದಿಸಿದರು. ಅಂಚು ಒಡೆದ ತುಂಡನ್ನು ನೋಡಿದರೆ ಗುಟ್ಟು ಬಯಲಾಗುತ್ತದೆ. ಮೇಲೆ ತೆಳ್ಳಗಿನ ಬಿಳಿ ಪದರ, ಒಳಗೆ ಹಳದಿ ಮಣ್ಣು.

ಗಾಜು ಪಾರದರ್ಶಕ, ಅದು ಬಿಳಿಯಾದದ್ದು ತವರದಿಂದ. ತಾಮ್ರದ ಪಾತ್ರೆಗೆ ಕಲಾಯಿ ಹಾಕುವ ಅದೇ ತವರ. ಕಲಾಯಿಯಲ್ಲಿ ಅದು ಲೋಹವಾಗಿ ತಾಮ್ರಕ್ಕೆ ಅಂಟುತ್ತದೆ. ಇಲ್ಲಿ ಸೀಸದ ಜೊತೆ ಗಾಳಿಯಲ್ಲಿ ಕಾಯಿಸಿ ಬೂದಿ ಮಾಡಿ, ಆ ಬೂದಿಯನ್ನು ಗಾಜಿನ ಪುಡಿಗೆ ಬೆರೆಸುತ್ತಾರೆ. ತವರದ ಆಕ್ಸೈಡ್ ಸೀಸದ ಗಾಜಿನಲ್ಲಿ ಹೆಚ್ಚು ಕರಗುವುದಿಲ್ಲ. ಸಣ್ಣ ಹರಳುಗಳಾಗಿ ನಿಂತು ಬೆಳಕನ್ನು ಎಲ್ಲ ಕಡೆಗೂ ಚದುರಿಸುತ್ತದೆ. ಹಾಲು ಬೆಳ್ಳಗೆ ಕಾಣುವುದೂ ಬೆಳಕು ಹೀಗೆ ಚದುರುವುದರಿಂದಲೇ. ನೂರು ಪಾಲು ಗ್ಲೇಜಿಗೆ ಐದರಿಂದ ಹತ್ತು ಪಾಲು ತವರದ ಆಕ್ಸೈಡ್ ಸಾಕು. ತವರ ದುಬಾರಿಯಾದ್ದರಿಂದ ಮೊದಮೊದಲ ಬೋಗುಣಿಗಳಲ್ಲಿ ಕರಗದ ಬೆಣಚುಕಲ್ಲಿನ ಹುಡಿ ಮತ್ತು ಗಾಳಿಗುಳ್ಳೆಗಳಿಂದಲೇ ಅರ್ಧ ಬಿಳುಪು ತಂದದ್ದೂ ಉಂಟು.

ಕಾಲದ ಅಂದಾಜಿಗೆ ಹೇಳುವುದಾದರೆ, ಇರಾಕನ್ನು ಆಳುತ್ತಿದ್ದ ಅಬ್ಬಾಸಿ ಖಲೀಫರ ರಾಜಧಾನಿ ಸಮಾರ್ರಾ ಆಗಿದ್ದದ್ದು 836ರಿಂದ 892ರವರೆಗೆ. ಅಲ್ಲಿನ ಅಗೆತದಲ್ಲಿ ಈ ಬಿಳಿ ಪಾತ್ರೆಗಳು ರಾಶಿಯಾಗಿ ಸಿಕ್ಕಿವೆ. ಅದೇ ಹೊತ್ತಿಗೆ ಮಾನ್ಯಖೇಟದಲ್ಲಿ ನೃಪತುಂಗ ಆಳುತ್ತಿದ್ದ. ಅರಬ್ ವ್ಯಾಪಾರಿಗಳು 'ಬಲ್ಹರಾ' ಎಂದು ಕರೆದದ್ದು ರಾಷ್ಟ್ರಕೂಟರ ದೊರೆಯನ್ನೇ, ಅಂದರೆ ವಲ್ಲಭರಾಜನನ್ನು.

ಪ್ರಶ್ನೆ: ನೀಲಿ ಬಿಳಿ ಪಾತ್ರೆ ಎಂದರೆ ಚೀನಾದ್ದೇ ಎಂದುಕೊಂಡಿದ್ದೆ. ಬಸ್ರಾದವರು ನಕಲು ಮಾಡಿದರೇ? (ಪದವಿ ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ಬಿಳುಪು ಚೀನಾದಿಂದ ಬಂದ ಆಸೆ. ಬಿಳಿಯ ಮೇಲೆ ಕೋಬಾಲ್ಟ್ ನೀಲಿಯಲ್ಲಿ ಬರೆಯುವುದು ಬಸ್ರಾದಲ್ಲಿ 9ನೇ ಶತಮಾನದಲ್ಲೇ ಚೆನ್ನಾಗಿ ನಡೆದಿತ್ತು. 1998ರಲ್ಲಿ ಇಂಡೋನೇಷ್ಯಾದ ಬೆಲಿಟುಂಗ್ ದ್ವೀಪದ ಬಳಿ ಸಿಕ್ಕ ಮುಳುಗಿದ ಹಡಗಿನಲ್ಲಿ ಸುಮಾರು 60,000 ಚೀನೀ ಪಾತ್ರೆಗಳಿದ್ದವು. ಒಂದು ಬೋಗುಣಿಯ ಮೇಲೆ 826ಕ್ಕೆ ಸರಿಹೊಂದುವ ದಿನಾಂಕವಿದೆ. ಅಷ್ಟರಲ್ಲಿ ನೀಲಿ ಬರೆದ ಬಿಳಿ ತಟ್ಟೆಗಳು ಮೂರೇ ಮೂರು. ಆ ಕಾಲದಲ್ಲಿ ಎರಡೂ ಕಡೆಯವರು ಒಬ್ಬರ ಸರಕನ್ನು ಇನ್ನೊಬ್ಬರು ನೋಡುತ್ತಲೇ ಇದ್ದರು ಎನ್ನುವುದಕ್ಕೆ ಇಷ್ಟು ಸಾಕು. ಬಸ್ರಾದ ನೀಲಿಯನ್ನು ಗುರುತಿಸುವುದು ಸುಲಭ: ಗೆರೆಯ ಅಂಚು ಚೂಪಾಗಿರುವುದಿಲ್ಲ, ಒದ್ದೆ ಕಾಗದದ ಮೇಲೆ ಬಿದ್ದ ಶಾಯಿಯಂತೆ ಹರಡಿರುತ್ತದೆ. ಇನ್ನೂ ಸುಡದ ಗ್ಲೇಜಿನ ಮೇಲೆ ಬಣ್ಣದಲ್ಲಿ ಬರೆದು ಎರಡನ್ನೂ ಒಟ್ಟಿಗೆ ಸುಟ್ಟಿದ್ದರಿಂದ ಕೋಬಾಲ್ಟ್ ಕರಗುವ ಗಾಜಿನೊಳಗೆ ಇಳಿದು ಹರಡಿದೆ.

ಪ್ರಶ್ನೆ: ಹಿಂದಿನವರು ಬೂದಿಯಿಂದ ಹೊಳಪು ತರುತ್ತಿದ್ದರೆಂದು ಓದಿ, ಒಲೆಬೂದಿಯನ್ನು ನೀರಿನಲ್ಲಿ ಕದಡಿ ಮಡಕೆಗೆ ಬಳಿದು ಆವಿಗೆಗೆ ಇಟ್ಟೆ. ಹೊಳಪೂ ಇಲ್ಲ, ಏನೂ ಇಲ್ಲ. ಕೈ ಸವರಿದರೆ ಬೂದಿ ಉದುರುತ್ತದೆ. (ಕುಂಬಾರಿಕೆಯವರು, ಹೊಸನಗರ)

ಉತ್ತರ: ಎರಡು ಕಾರಣ. ಮೊದಲನೆಯದು ಬೂದಿ. ನಮ್ಮ ಕಾಡಿನ ಸೌದೆಯ ಬೂದಿಯಲ್ಲಿ ಸುಣ್ಣದ ಅಂಶವೇ ಹೆಚ್ಚು. ಅದು ತಾನಾಗಿ ಕರಗಿ ಗಾಜಾಗಲು ಸುಮಾರು 1250 ಡಿಗ್ರಿ ಬೇಕು. ಸೌದೆ, ಹುಲ್ಲು ಒಟ್ಟಿ ಸುಡುವ ಆವಿಗೆ 700ರಿಂದ 850ಕ್ಕೆ ನಿಲ್ಲುತ್ತದೆ. ಇರಾಕಿನವರು ಬಳಸಿದ್ದು ಮರುಭೂಮಿಯ ಉಪ್ಪುನೆಲದಲ್ಲಿ ಬೆಳೆಯುವ ಪೊದೆಗಳ ಬೂದಿ. ಅದರಲ್ಲಿ ಸೋಡಾ ತುಂಬಿರುತ್ತದೆ. ಸೋಡಾ ಬೆಣಚುಕಲ್ಲನ್ನು ಕಡಿಮೆ ಕಾವಿನಲ್ಲೇ ಕರಗಿಸುತ್ತದೆ. ನಮ್ಮಲ್ಲಿ ಬಟ್ಟೆ ಒಗೆಯಲು ಬಳಸುತ್ತಿದ್ದ ಬಾಳೆದಿಂಡಿನ ಬೂದಿ ಕ್ಷಾರದಲ್ಲಿ ಅದಕ್ಕೆ ಸ್ವಲ್ಪ ಹತ್ತಿರ, ಆದರೆ ಅದರಲ್ಲಿರುವುದು ಪೊಟ್ಯಾಶ್. ಭತ್ತದ ಹೊಟ್ಟಿನ ಬೂದಿ ಹೆಚ್ಚುಕಡಿಮೆ ಬರಿ ಸಿಲಿಕಾ. ಕರಗಿಸುವ ಗುಣ ಅದಕ್ಕಿಲ್ಲ.

ಎರಡನೆಯದು ವಿಧಾನ. ಸೋಡಾ ಬೂದಿಯನ್ನು ಸಹ ಹಾಗೇ ಬಳಿಯುತ್ತಿರಲಿಲ್ಲ. ಅದು ನೀರಿನಲ್ಲಿ ಕರಗುವ ವಸ್ತು. ಬಳಿದರೆ ನೀರಿನೊಂದಿಗೆ ಮಡಕೆಯೊಳಗೆ ಇಂಗಿ, ಒಣಗುವಾಗ ಅಂಚಿಗೆ ಬಂದು ಉಪ್ಪು ಹೂತಂತೆ ನಿಲ್ಲುತ್ತದೆ. ಆದ್ದರಿಂದ ಬೂದಿಯನ್ನೂ ಬೆಣಚುಕಲ್ಲಿನ ಹುಡಿಯನ್ನೂ ತೂಕದಲ್ಲಿ ಸುಮಾರು ಸಮಸಮ ಸೇರಿಸಿ, ಮೊದಲು ಬೇರೆಯಾಗಿ ಕರಗಿಸಿ, ಕೆಂಪಗಿರುವಾಗಲೇ ತಣ್ಣೀರಿಗೆ ಸುರಿದು ಪುಡಿಯಾಗಿಸಿ, ಬೀಸಿ, ಆಮೇಲೆ ಗ್ಲೇಜಿಗೆ ಬಳಸುತ್ತಿದ್ದರು. ಇದಕ್ಕೆ ಫ್ರಿಟ್ ಎನ್ನುತ್ತಾರೆ. ಇಂದು ಸೀಸವಿಲ್ಲದ ಫ್ರಿಟ್ ಪುಡಿಯಾಗಿಯೇ ಕೊಳ್ಳಲು ಸಿಗುತ್ತದೆ. ಬೂದಿಯ ಹಿಂದೆ ಓಡಬೇಡಿ.

ಇನ್ನೊಂದು ಮಾತು, ಬಣ್ಣ ನೋಡುವವರಿಗೆ: ಅದೇ ತಾಮ್ರ ಸೋಡಾ ಗ್ಲೇಜಿನಲ್ಲಿ ನವಿಲಿನ ಕೊರಳಿನ ನೀಲಿಯಾಗುತ್ತದೆ, ಸೀಸದ ಗ್ಲೇಜಿನಲ್ಲಿ ಹಸಿರಾಗುತ್ತದೆ. ಕೊಲ್ಲಿಯ ಸಿರಾಫ್ ಬಂದರಿನಿಂದ ಹೊರಟ ಆ ನೀಲಿ ಜಾಡಿಗಳ ಚೂರುಗಳು ಗುಜರಾತಿನ ಸಂಜಾನ್, ಶ್ರೀಲಂಕಾದ ಮಾಂತೈಗಳಲ್ಲಿ ಸಿಕ್ಕಿವೆ.

ಪ್ರಶ್ನೆ: ಮನೆಯಲ್ಲಿ ಹಳೆಯ ಹಸಿರು ಹೊಳಪಿನ ಮಣ್ಣಿನ ಜಾಡಿಯೊಂದಿದೆ. ಈ ವರ್ಷದ ಅಪ್ಪೆಮಿಡಿ ಅದರಲ್ಲಿ ಹಾಕಬಹುದೇ? ನಮ್ಮ ಅತ್ತೆಯವರು ಹಾಕುತ್ತಿದ್ದರಂತೆ. (ಗೃಹಿಣಿ, ಸಾಗರ)

ಉತ್ತರ: ಬೇಡ. ಪರೀಕ್ಷೆ ಮಾಡಿಸುವ ತನಕ ಅದರಲ್ಲಿ ಅಕ್ಕಿಯನ್ನೂ ಇಡಬೇಡಿ, ಒಣ ಹೂವು ಇಡಿ.

ಹಳೆಯ ಅರಬ್ ಪಾತ್ರೆಗಳಲ್ಲೂ, ನಮ್ಮ ಕಾಲದ ಎಷ್ಟೋ ಹಳ್ಳಿ ಪಾತ್ರೆಗಳಲ್ಲೂ ಪಾರದರ್ಶಕ ಹೊಳಪಿಗೆ ಸೀಸ ಬಳಸಿದ್ದಾರೆ. ಅಗ್ಗ, ಕಡಿಮೆ ಕಾವಿಗೆ ಕರಗುತ್ತದೆ, ತಪ್ಪು ಮಾಡಿದರೂ ಚೆಂದ ಕಾಣುತ್ತದೆ. ಆದರೆ ಹುಳಿ ತಾಗಿದರೆ ಸೀಸ ಬಿಟ್ಟುಕೊಳ್ಳುತ್ತದೆ. ಮಿಡಿಯ ಹುಳಿ, ಹುಣಸೆ, ಮಜ್ಜಿಗೆ, ಮುರುಗಲು, ಎಲ್ಲವೂ ಅದಕ್ಕೆ ಒಂದೇ. ಉಪ್ಪಿನಕಾಯಿ ತಿಂಗಳುಗಟ್ಟಲೆ ಅದರಲ್ಲೇ ಕೂರುತ್ತದೆ ಎನ್ನುವುದು ಇನ್ನೂ ಕೆಟ್ಟದ್ದು. ಹಸಿರು ಎಂದು ಬರೆದಿದ್ದೀರಿ, ಅದು ತಾಮ್ರದ ಬಣ್ಣವಿರಬಹುದು. ತಾಮ್ರ ಸೇರಿದ ಸೀಸದ ಗ್ಲೇಜ್ ಸೀಸವನ್ನು ಇನ್ನೂ ಹೆಚ್ಚು ಬಿಡುತ್ತದೆ. ರುಚಿಯಲ್ಲಿ, ವಾಸನೆಯಲ್ಲಿ ಇದು ಗೊತ್ತಾಗುವುದಿಲ್ಲ. ಮಕ್ಕಳಿಗೆ, ಬಸುರಿಯರಿಗೆ ಇದರಿಂದ ಹೆಚ್ಚು ಅಪಾಯ. ಪ್ರಯೋಗಾಲಯದಲ್ಲಿ 4 ಶೇಕಡಾ ಅಸಿಟಿಕ್ ಆಮ್ಲವನ್ನು ಪಾತ್ರೆಯಲ್ಲಿ 24 ಗಂಟೆ ಬಿಟ್ಟು, ಅದಕ್ಕೆ ಇಳಿದ ಸೀಸವನ್ನು ಅಳೆಯುತ್ತಾರೆ. ಮನೆಯಲ್ಲಿ ಕಡ್ಡಿ ಉಜ್ಜಿ ಬಣ್ಣ ನೋಡುವ ಪರೀಕ್ಷೆಯನ್ನು ನಂಬಿ ಉಪ್ಪಿನಕಾಯಿ ಹಾಕಬೇಡಿ.

ಅತ್ತೆಯವರು ಬಳಸಿದ್ದು ಬಹುಶಃ ಭರಣಿ. ಭರಣಿಯ ಜಾತಿಯೇ ಬೇರೆ. 1200 ಡಿಗ್ರಿ ಮೀರಿ ಸುಟ್ಟ ಗಟ್ಟಿ ಕಲ್ಮಣ್ಣು, ಅದರ ಹೊಳಪಿಗೆ ಸೀಸ ಬೇಕಾಗುವುದಿಲ್ಲ. ಎರಡನ್ನೂ ಬೇರ್ಪಡಿಸುವ ಸುಲಭದ ದಾರಿ: ಜಾಡಿಯ ತಳದಲ್ಲಿ ಹೊಳಪಿಲ್ಲದ ಉಂಗುರವಿರುತ್ತದೆ. ಅದರ ಮೇಲೆ ಒಂದು ಹನಿ ನೀರು ಬಿಡಿ. ಹನಿ ಕ್ಷಣದಲ್ಲಿ ಇಂಗಿ ಕಲೆ ಮೂಡಿದರೆ ಅದು ಸುಟ್ಟ ಮಣ್ಣು. ಮಣಿಯಂತೆ ನಿಂತರೆ ಕಲ್ಮಣ್ಣು ಅಥವಾ ಪಿಂಗಾಣಿ.

ಪ್ರಶ್ನೆ: ನಾವು ನಾಲ್ಕು ಜನ ಗೆಳತಿಯರು ಸಣ್ಣ ಕರೆಂಟ್ ಕುಲುಮೆ ಇಟ್ಟುಕೊಂಡಿದ್ದೇವೆ. ಇರಾನಿನ ನಿಶಾಪುರದ ತಟ್ಟೆಯಂತೆ ಬಿಳಿಯ ಮೇಲೆ ಕಪ್ಪು ಬರಹ ಮಾಡಬೇಕು. ಅಳತೆ ಸಮೇತ ತಿಳಿಸಿ. (ಸೊರಬ)

ಉತ್ತರ: ಒಳ್ಳೆಯ ಆಯ್ಕೆ. ನಿಶಾಪುರ ಮತ್ತು ಮಧ್ಯ ಏಷ್ಯಾದ ಸಮರ್ಕಂದಿನ ಸಾಮಾನಿ ಅರಸರ ಕಾಲದ ತಟ್ಟೆಗಳಲ್ಲಿ ತವರವಿಲ್ಲ. ಬಿಳುಪು ಬಂದದ್ದು ಬಿಳಿ ಮಣ್ಣಿನ ತಿಳಿಯಿಂದ, ಅಂದರೆ ನೀರಿನಲ್ಲಿ ಕದಡಿ ಸೋಸಿದ ನುಣ್ಣನೆ ಮಣ್ಣಿನಿಂದ. ಮಲೆನಾಡಿನ ಗೋಡೆಗೆ ಕೆಮ್ಮಣ್ಣು ಬಳಿದು ಶೇಡಿಯಲ್ಲಿ ಚಿತ್ತಾರ ಬರೆಯುವುದಿಲ್ಲವೇ, ಅದನ್ನೇ ತಿರುವಿ ಹಾಕಿದಂತೆ: ಕೆಂಪು ಮಣ್ಣಿನ ತಟ್ಟೆಗೆ ಮೊದಲು ಬಿಳಿ, ಅದರ ಮೇಲೆ ಕಪ್ಪು, ಕೊನೆಗೆ ಮೇಲಿಂದ ಪಾರದರ್ಶಕ ಗ್ಲೇಜ್.

ಮಣ್ಣು: ಕೆರೆಮಣ್ಣನ್ನು ನೀರಿನಲ್ಲಿ ಕದಡಿ 60 ಮೆಶ್ (ಇಂಚಿಗೆ 60 ಕಣ್ಣಿನ) ಜರಡಿಯಲ್ಲಿ ಸೋಸಿ. ಒಣ ತೂಕ 85 ಪಾಲಿಗೆ ಬೆಣಚುಕಲ್ಲಿನ ನುಣ್ಣನೆ ಹುಡಿ 15 ಪಾಲು ಸೇರಿಸಿ. ಏಕೆಂಬುದು ಮುಂದಿನ ಉತ್ತರದಲ್ಲಿದೆ.

ಬಿಳಿ ತಿಳಿ: ಬಾಲ್ ಕ್ಲೇ (ಜಿಗುಟಾದ ತಿಳಿಬಣ್ಣದ ಜೇಡಿ) 40, ಚೀನಾ ಜೇಡಿ (ಕಾವೊಲಿನ್) 30, ಬೆಣಚು ಹುಡಿ 20, ಸೀಸವಿಲ್ಲದ ಫ್ರಿಟ್ 10. ನೀರಿನಲ್ಲಿ ನೆನೆಸಿ 80 ಮೆಶ್‌ನಲ್ಲಿ ಸೋಸಿದ ಮೇಲೆ ದೋಸೆ ಹಿಟ್ಟಿಗಿಂತ ತುಸು ತೆಳುವಾಗಿರಬೇಕು. ಬಳಿಯುವ ಹೊತ್ತು ಮುಖ್ಯ. ತಟ್ಟೆ ಎತ್ತಿದರೆ ಬಾಗಬಾರದು, ಉಗುರು ಒತ್ತಿದರೆ ಗುರುತು ಬೀಳಬೇಕು, ಆಗ ಹಾಕಿ. ತೀರಾ ಒಣಗಿದ್ದರ ಮೇಲೆ ಹಾಕಿದರೆ ತಟ್ಟೆ ಕುಗ್ಗುವುದನ್ನು ಮುಗಿಸಿರುತ್ತದೆ, ತಿಳಿ ಈಗಷ್ಟೇ ಕುಗ್ಗಲು ತೊಡಗುತ್ತದೆ, ಹಪ್ಪಳದಂತೆ ಎದ್ದು ಬರುತ್ತದೆ. ಸರಿಯಾದ ಹೊತ್ತಿಗೆ ಹಾಕಿದರೂ ಒಣಗುವಾಗ ಬಿರುಕು ಬಿಟ್ಟರೆ ಬಾಲ್ ಕ್ಲೇ ಹತ್ತು ಪಾಲು ತಗ್ಗಿಸಿ, ಅಷ್ಟೇ ಸುಟ್ಟ ಚೀನಾ ಜೇಡಿ ಸೇರಿಸಿ.

ಕಪ್ಪು: ಇಲ್ಲಿ ಸಾಮಾನಿ ಕುಂಬಾರರ ಜಾಣತನವಿದೆ. ಬರಿ ಬಣ್ಣದ ಪುಡಿಯಲ್ಲಿ ಬರೆದರೆ ಸೀಸದ ಗ್ಲೇಜ್ ಕರಗಿ ಹರಿಯುವಾಗ ಅಕ್ಷರವನ್ನೂ ಎಳೆದುಕೊಂಡು ಹೋಗುತ್ತದೆ. ಅವರು ಬಣ್ಣವನ್ನು ಮಣ್ಣಿನ ತಿಳಿಗೆ ಬೆರೆಸಿ ಬರೆದರು. ಮಣ್ಣು ಬಣ್ಣವನ್ನು ಹಿಡಿದು ನಿಲ್ಲಿಸಿತು, ಅಕ್ಷರದ ಅಂಚು ಕತ್ತಿಯಂತೆ ಉಳಿಯಿತು. ನೀವು ಸೋಸಿದ ಕೆರೆಮಣ್ಣು 80, ಕಬ್ಬಿಣದ ಆಕ್ಸೈಡ್ 10, ಮ್ಯಾಂಗನೀಸ್ ಡೈ ಆಕ್ಸೈಡ್ 10 ಬೆರೆಸಿ. ಮ್ಯಾಂಗನೀಸ್ ಎಂದರೆ ಕುಂಸಿಯ ಗಣಿಗಳಿಂದ ನಮ್ಮ ಜಿಲ್ಲೆಗೆ ಪರಿಚಯದ ಹೆಸರೇ. ಅದಿರನ್ನು ತಂದು ಕುಟ್ಟಬೇಡಿ; ಅದರ ಧೂಳು ಶ್ವಾಸಕ್ಕೆ ಹೋಗಬಾರದು. ಪುಡಿ ಕೊಂಡು, ಮಾಸ್ಕ್ ಹಾಕಿ, ಒದ್ದೆಯಾಗಿಯೇ ಬೆರೆಸಿ. ಕುಲುಮೆ ಉರಿಯುವಾಗ ಕಿಟಕಿ ತೆರೆದಿರಲಿ, ಅದರ ಪಕ್ಕ ಕೂರಬೇಡಿ.

ಒಣಗಿಸುವುದು: ಜೂನ್‌ನಿಂದ ಸೆಪ್ಟೆಂಬರ್ ತನಕ ಮುಟ್ಟಿದರೆ ಒಣಗಿದಂತಿರುವ ತಟ್ಟೆಯೂ ಒಳಗೆ ಒದ್ದೆ. ಕೆನ್ನೆಗೆ ಹಿಡಿದು ನೋಡಿ. ತಣ್ಣಗೆ ತಾಗಿದರೆ ಇನ್ನೂ ನೀರಿದೆ. ಕುಲುಮೆಯಲ್ಲೇ ಬಾಗಿಲು ಎರಡು ಬೆರಳು ತೆರೆದಿಟ್ಟು 80 ಡಿಗ್ರಿಯಲ್ಲಿ ಆರು ಗಂಟೆ ಇಟ್ಟ ಮೇಲೆ ಸುಡಲು ಶುರುಮಾಡಿ. ಅವಸರ ಮಾಡಿದರೆ ಒಳಗಿನ ನೀರು ಆವಿಯಾಗಿ ತಟ್ಟೆಯ ತಳ ಪಟ್ ಎಂದು ಹಾರುತ್ತದೆ. ಮೊದಲ ಸುಡುವಿಕೆಗೆ ಗಂಟೆಗೆ 100 ಡಿಗ್ರಿಯಂತೆ 600ರವರೆಗೆ, ಆಮೇಲೆ 150ರಂತೆ 1000ದವರೆಗೆ ಏರಿಸಿ.

ಗ್ಲೇಜ್: 1000 ಡಿಗ್ರಿಗೆ ಕರಗುವ, ಸೀಸವಿಲ್ಲದ ಬೋರಾಕ್ಸ್ ಫ್ರಿಟ್ 90, ಚೀನಾ ಜೇಡಿ 10. ಜೇಡಿ ಇಲ್ಲದಿದ್ದರೆ ಫ್ರಿಟ್ ತಳಕ್ಕೆ ಕಲ್ಲಿನಂತೆ ಕೂರುತ್ತದೆ. ನೂರು ಗ್ರಾಂ ಪುಡಿಗೆ ಸುಮಾರು 90 ಮಿಲಿಲೀಟರ್ ನೀರು. ಸುಟ್ಟ ತಟ್ಟೆಯ ಧೂಳನ್ನು ಒದ್ದೆ ಸ್ಪಂಜಿನಲ್ಲಿ ಒರೆಸಿ, ಎರಡು ಮೂರು ಸೆಕೆಂಡು ಅದ್ದಿ ತೆಗೆಯಿರಿ. ಧೂಳು ಅಥವಾ ಕೈಯ ಎಣ್ಣೆ ಉಳಿದರೆ ಗ್ಲೇಜ್ ಕರಗುವಾಗ ಅಲ್ಲಿಂದ ಹಿಂದೆ ಸರಿದು ಬೋಳು ಮಚ್ಚೆ ಬಿಡುತ್ತದೆ. ಬಿಳಿ ತಿಳಿ ಮಂಜಾದಂತೆ ಕಂಡರೆ ಗ್ಲೇಜ್ ದಪ್ಪವಾಗಿದೆ. ಎರಡನೆಯ ಸಲ 1000ಕ್ಕೆ ಒಯ್ದು ಕಾಲು ಗಂಟೆ ನಿಲ್ಲಿಸಿ. 100 ಡಿಗ್ರಿಗಿಂತ ಕೆಳಗೆ ಇಳಿಯುವ ತನಕ ಬಾಗಿಲಿಗೆ ಕೈ ಹಾಕಬೇಡಿ.

ಬರಹದ ಬಗ್ಗೆ: ಅವರ ತಟ್ಟೆಗಳಲ್ಲಿ ಇರುವುದು ಹೆಚ್ಚಾಗಿ ಗಾದೆ, ಹಾರೈಕೆಗಳು. ಅಕ್ಷರವನ್ನು ಅಂಚಿನ ಸುತ್ತ ನಿಲ್ಲಿಸಿ ನಡುವನ್ನು ಖಾಲಿ ಬಿಟ್ಟಿರುವುದೇ ಅದರ ಚೆಲುವು. ಕನ್ನಡ ಅಕ್ಷರದ ದುಂಡುತನ ಇದಕ್ಕೆ ಸುಲಭಕ್ಕೆ ಒಗ್ಗುವುದಿಲ್ಲ, ಕೂಫಿ ಎಂಬ ಹಳೆಯ ಅರಬ್ಬಿ ಲಿಪಿಯ ನೇರ ಕಂಬಗಳು ನಮ್ಮಲ್ಲಿಲ್ಲ. ತಲಕಟ್ಟನ್ನು ಉದ್ದ ಎಳೆದು ನೋಡಿ.

ಪ್ರಶ್ನೆ: ಕುಲುಮೆಯಿಂದ ತೆಗೆದಾಗ ತಟ್ಟೆ ಕನ್ನಡಿಯಂತಿತ್ತು. ಮಳೆಗಾಲ ಹಿಡಿದ ಮೇಲೆ ಜೇಡರ ಬಲೆಯಂಥ ಗೆರೆಗಳು ತಾವಾಗಿ ಮೂಡಿವೆ. ಯಾರೂ ಮುಟ್ಟಿಲ್ಲ. (ಭದ್ರಾವತಿ)

ಉತ್ತರ: ಇದು ಮಲೆನಾಡು, ಅರೆಮಲೆನಾಡಿನಲ್ಲಿ ಗ್ಲೇಜ್ ಮಾಡುವವರು ಮೊದಲು ಅರಿಯಬೇಕಾದ ರೋಗ. ಗ್ಲೇಜೂ ಮಣ್ಣೂ ಕಾವು ಆರುವಾಗ ಕುಗ್ಗುತ್ತವೆ. ಗ್ಲೇಜ್ ಮಣ್ಣಿಗಿಂತ ಹೆಚ್ಚು ಕುಗ್ಗಿದರೆ ಬಿಗಿಯಾದ ಅಂಗಿಯಂತೆ ಹಿಗ್ಗಿಸಲ್ಪಟ್ಟು ಸೀಳುತ್ತದೆ. ಆ ಗೆರೆಗಳು ಕುಲುಮೆಯಿಂದ ತೆಗೆದ ದಿನವೇ ಟಿಣ್ ಟಿಣ್ ಸದ್ದಿನೊಂದಿಗೆ ಮೂಡುತ್ತವೆ. ನಿಮ್ಮದು ತಡವಾಗಿ ಮೂಡಿದೆ. ಅಂದರೆ ಅಂಗಿ ಮೊದಲು ಸರಿಯಾಗಿತ್ತು, ಮೈ ಆಮೇಲೆ ಊದಿತು. ಕಡಿಮೆ ಕಾವಿನಲ್ಲಿ ಸುಟ್ಟ, ತೂತುತೂತಾದ ಮಣ್ಣು ಗಾಳಿಯ ತೇವವನ್ನು ಹೀರಿ ಕೂದಲೆಳೆಯಷ್ಟು ಹಿಗ್ಗುತ್ತದೆ. ಗಾಜು ಹಿಗ್ಗುವುದಿಲ್ಲ.

ಬಸ್ರಾದ ಮಣ್ಣಿನ ಅದೃಷ್ಟ ಇಲ್ಲಿದೆ. ಅದರಲ್ಲಿ ಸುಣ್ಣ ಹುಟ್ಟಿನಿಂದಲೇ ಇತ್ತು. ಸುಣ್ಣ ಸೇರಿದ ಮಣ್ಣು ತೇವಕ್ಕೆ ಕಡಿಮೆ ಊದುತ್ತದೆ, ಆರುವಾಗ ಹೆಚ್ಚು ಕುಗ್ಗಿ ಗ್ಲೇಜನ್ನು ಒತ್ತಿ ಹಿಡಿಯುತ್ತದೆ, ಕಬ್ಬಿಣದ ಕೆಂಪನ್ನು ಮಾಸಲು ಹಳದಿಗೆ ಇಳಿಸಿ ಮೇಲಿನ ಬಿಳುಪಿಗೂ ಸಹಾಯ ಮಾಡುತ್ತದೆ. ನಮ್ಮ ಜಂಬಿಟ್ಟಿಗೆ ಸೀಮೆಯ ಮಣ್ಣಿನಲ್ಲಿ ಕಬ್ಬಿಣವೇ ಕಬ್ಬಿಣ. ಸುಣ್ಣವನ್ನು ಮಳೆ ಎಂದೋ ತೊಳೆದುಕೊಂಡು ಹೋಗಿದೆ. ಆದ್ದರಿಂದ ನಾವು ಸೇರಿಸಬೇಕು. ಸುಣ್ಣಕಲ್ಲಿನ ಪುಡಿ 10ರಿಂದ 15 ಪಾಲು, 100 ಮೆಶ್ ದಾಟಿದ್ದು. ಎಲೆ ಅಡಿಕೆಗೆ ಹಚ್ಚುವ ಸುಣ್ಣ ಬೇಡ, ಅದು ಮಣ್ಣಿನ ತಿಳಿಯನ್ನು ಮೊಸರಿನಂತೆ ಗಟ್ಟಿಗಟ್ಟಿಸುತ್ತದೆ. ಪುಡಿಯಲ್ಲಿ ದಪ್ಪ ಕಾಳು ಉಳಿದರೆ ಸುಟ್ಟಾಗ ಅದು ಸುಟ್ಟ ಸುಣ್ಣವಾಗಿ, ನಾಲ್ಕು ದಿನದಲ್ಲಿ ತೇವ ಕುಡಿದು ಉಬ್ಬಿ, ತಟ್ಟೆಯ ಮೈಯಿಂದ ಚಕ್ಕೆ ಎಬ್ಬಿಸುತ್ತದೆ. ಆ ಕುಳಿಯ ನಡುವೆ ಬಿಳಿ ಚುಕ್ಕೆ ಕಂಡರೆ ಕಾರಣ ಇದೇ. ಸುಣ್ಣ ಸೇರಿಸಿದ ಮಣ್ಣನ್ನು 1100 ದಾಟಿಸಬೇಡಿ; ಅದು ಮುನ್ಸೂಚನೆಯಿಲ್ಲದೆ ಕುಸಿಯುತ್ತದೆ.

ಸುಣ್ಣ ಬೇಡವೆನ್ನುವವರು, ಗ್ಲೇಜನ್ನು ಒತ್ತಿ ಹಿಡಿಯುವ ಅದೇ ಕೆಲಸಕ್ಕೆ, ಬೆಣಚು ಹುಡಿ ಹೆಚ್ಚಿಸಿ, ಮೊದಲ ಸುಡುವಿಕೆಯನ್ನು 1000ದಿಂದ 1040ಕ್ಕೆ ಏರಿಸಲಿ. ಎರಡನ್ನೂ ಮಾಡಿದರೆ ಇನ್ನೂ ಒಳ್ಳೆಯದು. ಈಗಿರುವ ತಟ್ಟೆಯನ್ನು ಗೋಡೆಗೆ ತೂಗಿ. ಗೆರೆಯೊಳಗೆ ಸಾರು ಸೇರಿ ಕೊಳೆಯುತ್ತದೆ, ಊಟಕ್ಕೆ ಬೇಡ.

ಪ್ರಶ್ನೆ: ಚಿನ್ನದಂತೆ ಮಿನುಗುವ ತಟ್ಟೆಯಲ್ಲಿ ಚಿನ್ನವೇ ಇಲ್ಲ ಎಂದಿದ್ದೀರಿ. ಹಾಗಾದರೆ ಅದು ಏನು? (ಶಿವಮೊಗ್ಗ)

ಉತ್ತರ: ಬೆಳ್ಳಿ ಮತ್ತು ತಾಮ್ರ, ಅದೂ ಕಣ್ಣಿಗೆ ಕಾಣದಷ್ಟು. ಈ ಕಲೆ ಮೊದಲು ಈಜಿಪ್ಟ್, ಸಿರಿಯಾಗಳಲ್ಲಿ 8ನೇ ಶತಮಾನದಲ್ಲಿ ಗಾಜಿನ ಲೋಟಗಳ ಮೇಲೆ ಬಂತು. 9ನೇ ಶತಮಾನದಲ್ಲಿ ಬಸ್ರಾದವರು ಅದನ್ನು ಬಿಳಿ ಗ್ಲೇಜಿನ ಮೇಲೆ ತಂದರು.

ಗ್ಲೇಜ್ ಹಾಕಿ ಸುಟ್ಟು ಮುಗಿದ ತಟ್ಟೆಯ ಮೇಲೆ, ಬೆಳ್ಳಿ ತಾಮ್ರಗಳ ಸಂಯುಕ್ತವನ್ನು ಕಾವಿಮಣ್ಣು ಮತ್ತು ವಿನೆಗರ್‌ನೊಂದಿಗೆ ಅರೆದು ಬರೆಯುತ್ತಾರೆ. ಹೆಚ್ಚಿನ ಪಾಲು ಕಾವಿಯೇ. ಅದು ಬರಿ ಹೊರುವ ಕತ್ತೆ. ಮತ್ತೆ ಆವಿಗೆಗಿಟ್ಟು ಸುಮಾರು 600 ಡಿಗ್ರಿಗೆ ಒಯ್ಯುತ್ತಾರೆ. ಗ್ಲೇಜ್ ಆಗ ಕರಗುವುದಿಲ್ಲ, ಮೆತ್ತಗಾಗುವ ಹಂತಕ್ಕೆ ಬರುತ್ತದೆ, ಅಷ್ಟೆ. ಬೆಳ್ಳಿ, ತಾಮ್ರದ ಅಯಾನುಗಳು ಗಾಜಿನ ಮೇಲ್ಪದರದೊಳಗೆ ಇಳಿದು, ಅಲ್ಲಿದ್ದ ಸೋಡಿಯಂ, ಪೊಟ್ಯಾಸಿಯಂಗಳ ಜಾಗ ಹಿಡಿಯುತ್ತವೆ. ಆಮೇಲೆ ಗಾಳಿ ಬಿಗಿದು ಹೊಗೆ ತುಂಬಿಸುತ್ತಾರೆ. ಆಮ್ಲಜನಕಕ್ಕೆ ಹಸಿದ ಹೊಗೆ ಆ ಅಯಾನುಗಳನ್ನು ಲೋಹವಾಗಿಸುತ್ತದೆ. ಒಂದು ಮಿಲಿಮೀಟರಿನ ಲಕ್ಷದ ಪಾಲಿನ ಅಳತೆಯ ಕಣಗಳು ಗಾಜಿನೊಳಗೆ ಸಾಲಾಗಿ ನಿಲ್ಲುತ್ತವೆ. ಹೊರಬಂದ ತಟ್ಟೆ ಮಸಿ ಮೆತ್ತಿದ ದೋಸೆಕಾವಲಿಯಂತಿರುತ್ತದೆ. ಬಟ್ಟೆಯಲ್ಲಿ ಉಜ್ಜಿದರೆ ಕಾವಿ ಉದುರಿ, ಕೆಳಗಿನ ಹೊಳಪು ಕಾಣುತ್ತದೆ. 1301ರಲ್ಲಿ ಇರಾನಿನ ಕಾಶಾನ್‌ನ ಕುಂಬಾರ ಮನೆತನದ ಅಬುಲ್‌ಕಾಸಿಮ್ ಈ ಕೆಲಸವನ್ನು ಬರೆದಿಟ್ಟಿದ್ದಾನೆ. ಅವನ ಲೆಕ್ಕದಲ್ಲಿ ಮೆಲುಹೊಗೆ 72 ಗಂಟೆ.

ಕೆಡುವುದಕ್ಕೆ ದಾರಿಗಳು ಹಲವು. ಕಾವು ಕಡಿಮೆಯಾದರೆ ಉಜ್ಜಿದಾಗ ಚಿತ್ರವೂ ಕಾವಿಯೊಂದಿಗೆ ಹೊರಟುಹೋಗುತ್ತದೆ. ಹೆಚ್ಚಾದರೆ ಕಾವಿ ಮೆತ್ತಗಾದ ಗಾಜಿಗೆ ಅಂಟಿ ಒರಟಾಗುತ್ತದೆ. ಹೊಗೆ ಸಾಲದಿದ್ದರೆ ಬರಿ ಹಳದಿ ಕಲೆ, ಮಿನುಗಿಲ್ಲ. ಹೊಗೆ ಅತಿಯಾದರೆ ಬೂದು. ಆದ್ದರಿಂದ ಆವಿಗೆಯ ಸಂದಿನಿಂದ ಸಲಾಕೆಯಲ್ಲಿ ಪರೀಕ್ಷೆ ಚೂರುಗಳನ್ನು ಎಳೆದು ನೋಡುತ್ತ ಹೋಗಬೇಕು. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆಯ ದೊಣ್ಣೆ ಇಲ್ಲಿ ಆ ಕೊನೆಯ ಅರ್ಧ ಗಂಟೆ. ಮಳೆಗಾಲದ ಹಸಿ ಸೌದೆ ಬೇಡ. ಅದರ ಹಬೆ ಕಾವನ್ನು ಇಳಿಸುತ್ತದೆ. ಒಣಗಿದ ಸಣ್ಣ ಕಡ್ಡಿಗಳೇ ಆಗಬೇಕು. ಮನೆಯೊಳಗೆ, ಕರೆಂಟ್ ಕುಲುಮೆಯಲ್ಲಿ ಇದನ್ನು ಮಾಡಲೇಬೇಡಿ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ, ಸುರುಳಿ ತಂತಿಯೂ ಹಾಳಾಗುತ್ತದೆ.

ಪ್ರಶ್ನೆ: ಒಂದು ಬೋಗುಣಿಯ ಒಳತಳದಲ್ಲಿ ಮೂರು ಸಣ್ಣ ಗಾಯಗಳಿದ್ದವು. ಒಡೆದದ್ದೇ? (ರಿಪ್ಪನ್‌ಪೇಟೆ)

ಉತ್ತರ: ಅಲ್ಲ. ಗ್ಲೇಜ್ ಹಾಕಿದ ಬೋಗುಣಿಗಳನ್ನು ಒಂದರ ಮೇಲೊಂದು ಪೇರಿಸಿ ಸುಟ್ಟರೆ ಎಲ್ಲ ಅಂಟಿಕೊಂಡು ಒಂದೇ ಆಗುತ್ತವೆ. ಹಾಗಾಗದಂತೆ ನಡುವೆ ಮೂರು ಮೊನೆಗಳ ಮಣ್ಣಿನ ಅಡ್ಡೆ ಇಡುತ್ತಿದ್ದರು. ಸುಟ್ಟ ಮೇಲೆ ಅದನ್ನು ತಟ್ಟಿ ತೆಗೆದಾಗ ಉಳಿಯುವ ಗುರುತು ಅದು. ನಾಲ್ಕಲ್ಲ, ಮೂರೇ ಏಕೆಂದರೆ ಮೂರು ಮೊನೆ ಎಂಥ ಡೊಂಕು ತಳದ ಮೇಲೂ ಅಲುಗದೆ ನಿಲ್ಲುತ್ತದೆ, ನಮ್ಮ ಮೂರು ಗುಂಡಿನ ಒಲೆಯ ಹಾಗೆ. ನೀವೂ ಹೀಗೆ ಪೇರಿಸಿ ಸುಟ್ಟರೆ, ತೆಗೆದ ಮೇಲೆ ಆ ಮೂರು ಜಾಗಗಳನ್ನು ಉಜ್ಜುಕಲ್ಲಿನಿಂದ ತಿಕ್ಕಿ. ಅಲ್ಲಿ ಉಳಿಯುವ ಗಾಜಿನ ಮುಳ್ಳು ಬೆರಳು ಕೊಯ್ಯುತ್ತದೆ.